ಕೋಚ್ ಸರ್‌ಗೆ ಗೊತ್ತಿತ್ತು

ಸಾಫಿ ಮೀನಿನ ಬೆನ್ನಿನ ಮುಳ್ಳು ಬೆರಳಿಗೆ ಚುಚ್ಚಿದರೆ ಅರ್ಧ ದಿನ ಉರಿ. ಅದಕ್ಕೆ ನಾನು ಮೊದಲು ಕತ್ತರಿಯಲ್ಲಿ ರೆಕ್ಕೆ ತೆಗೆದು, ಆಮೇಲೆಯೇ ಹೊಟ್ಟೆಗೆ ಕೈ ಹಾಕುವುದು. ಮೊನ್ನೆ ಮಂಗಳವಾರ ಬೆಳಿಗ್ಗೆ ಸಿಂಕಿನ ಹತ್ತಿರ ನಿಂತು ಅದನ್ನೇ ಮಾಡುತ್ತಿದ್ದಾಗ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನಿಂದ ಮಗಳ ಫೋನ್ ಬಂತು. ಆ ಹೊತ್ತಿಗೆ ಅವಳು ಫೋನ್ ಮಾಡುವವಳಲ್ಲ. ಕಿರುಬೆರಳಿನ ತುದಿಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಮಮ್ಮಾ, ಕೋಚ್ ಸರ್ ಹೋಗ್ಬಿಟ್ರಂತೆ. ಊರಲ್ಲಿ. ಬೆಳಿಗ್ಗೆ ನಮಾಜ್ ಮುಗ್ಸಿ ಕೂತವರು ಏಳ್ಲೇ ಇಲ್ವಂತೆ."

ನನ್ನ ಕಣ್ಣಿಗೆ ಮೊದಲು ಬಂದದ್ದು ಅವರ ಮುಖ ಅಲ್ಲ, ಕತ್ತು. ಇಲ್ಲಿಯ ಗಲ್ಫ್ ಬಿಸಿಲಿಗೆ ಸುಟ್ಟು ಕಾವಲಿಯ ಬಣ್ಣಕ್ಕೆ ತಿರುಗಿದ್ದ ಕತ್ತಿನ ಸುತ್ತ ಒಂದು ಬಿಳಿ ಗೆರೆ. ಅದು ವಿಸಿಲಿನ ದಾರ ಕೂರುತ್ತಿದ್ದ ಜಾಗ. ವಿಸಿಲ್ ತೆಗೆದಿಟ್ಟು ಇಸ್ತ್ರಿಯ ಅಂಗಿ ಹಾಕಿ ಬಂದರೂ ಆ ಗೆರೆ ಅವರ ಕೆಲಸ ಯಾವುದೆಂದು ಹೇಳಿಬಿಡುತ್ತಿತ್ತು.

ಮುಹರ್ರಕ್‌ನ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಹೆಂಡತಿ, ಮಕ್ಕಳು ಉಳ್ಳಾಲದಲ್ಲಿ. ಇಲ್ಲಿಯ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಕಲಿಸುವ ಹೆಡ್ ಕೋಚ್ ಅವರು. ಅವರದು ಬ್ಯಾರಿ ಭಾಷೆ, ಕಾರ್ಕಳದ ಕಡೆಯ ಕ್ರಿಶ್ಚಿಯನ್ನರಾದ ನಮ್ಮದು ಕೊಂಕಣಿ. ನಡುವೆ ಕನ್ನಡ ಇದ್ದದ್ದರಿಂದ ಬಚಾವ್. ಊರಲ್ಲಿ ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು 'ಬಾಯಮ್ಮ' ಎನ್ನುತ್ತಿದ್ದರು. ನಾವೆಲ್ಲ ಅವರನ್ನು ಕೋಚ್ ಸರ್ ಎಂದೇ ಕರೆಯುತ್ತಿದ್ದದ್ದು.

ಅವರಿಗೆ ಒಂದು ಅಭ್ಯಾಸವಿತ್ತು. ಸಂಜೆ ಮೈದಾನದಿಂದ ಬಂದು ಲಿಂಬೆ ಹಿಂಡಿದ ಸುಲೈಮಾನಿ ಚಾ ಹಿಡಿದು ಮೆಟ್ಟಿಲ ಬಾಗಿಲಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರೆ, ಇಳಿದು ಬರುವವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು.

"ಬಾಯಮ್ಮ, ಎಡದ ಮೊಣಕಾಲು ನೋವುಂಟಲ್ವಾ?"

"ನಿಮಗೆ ಯಾರು ಹೇಳಿದ್ದು ಸರ್? ನಮ್ಮ ಮನೆಯವರಿಗೇ ಗೊತ್ತಿಲ್ಲ."

"ನಿಮ್ಮ ಚಪ್ಪಲಿ ಹೇಳ್ತು. ಒಂದೇ ಕಡೆ ಸವೆದಿದೆ. ಕಾಲಿಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

ಮೊಣಕಾಲಿಗೆ ಎರಡು ವ್ಯಾಯಾಮ ಹೇಳಿಕೊಟ್ಟರು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಇವತ್ತಿಗೂ ಮಾಡುತ್ತೇನೆ. ಸಂಜೆ ಜಪಸರ ಮುಗಿಸಿ ಆ ದಿನದ ಸಣ್ಣ ಸಣ್ಣ ಉಪಕಾರಗಳನ್ನು ದೇವರ ಎದುರು ಹೇಳುವುದು ನನ್ನ ಕ್ರಮ. ಎಣ್ಣೆ ಚೆಲ್ಲಲಿಲ್ಲ, ಸ್ತೋತ್ರ. ಬಸ್ ಕಾಯಿಸಲಿಲ್ಲ, ಸ್ತೋತ್ರ. ಮೊಣಕಾಲು ಬಗ್ಗಿತು, ಸ್ತೋತ್ರ. ಅದರಲ್ಲಿ ಕೋಚ್ ಸರ್ ಎಷ್ಟೋ ಸಲ ಬಂದಿದ್ದಾರೆ.

ಒಂದು ವರ್ಷ ಅವರು ತಮಗೊಬ್ಬ ಅಸಿಸ್ಟೆಂಟನ್ನು ಊರಿನಿಂದ ಕರೆಸಿಕೊಂಡರು. ಅವನು ರೋಶನ್. ಕಾಲೇಜಿನವರು ಅವನಿಗೆ ನಮ್ಮ ಮೇಲಿನ ಮನೆಯನ್ನೇ ಕೊಟ್ಟರು. ಜೊತೆಗೆ ಹೆಂಡತಿ ಜೆನಿಟಾ, ನಾಲ್ಕು ವರ್ಷದ ಮಗಳು. ನಮ್ಮದೇ ಜಪಕೂಟಕ್ಕೆ ಸೇರಿದರು. ರೋಶನ್ ಗಿಟಾರ್ ಹಿಡಿದು ಮರಿಯಮ್ಮನ ಹಾಡು ಎತ್ತಿದರೆ ನಾನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಅಂಥ ಸ್ವರ ಇರುವವನ ಕೈ ಹೀಗೆ ಯಾಕೆ ಎಂದು ಈಗಲೂ ಯೋಚಿಸುತ್ತೇನೆ.

ಜೆನಿಟಾ ಒಂದು ದಿನ ತೆಂಗಿನಕಾಯಿ ತುರಿಯಲು ಬಂದಳು. ನಮ್ಮ ಮನೆಯಲ್ಲಿ ಕೂತು ತುರಿಯುವ ಮಣೆ ಇತ್ತು. ಕಾಯಿ ಹಿಡಿದ ಕೂಡಲೇ ಅವಳ ಮುಖ ಕಿವುಚಿತು. ಅಂಗಿಯ ತೋಳು ಮೇಲೆ ಸರಿದಾಗ ಮಣಿಕಟ್ಟಿನ ಕಲೆ ನೋಡಿದೆ. ಬಾತ್‌ರೂಮಲ್ಲಿ ಜಾರಿದ್ದು ಎಂದಳು. ನಾನು ಹೆಚ್ಚು ಕೇಳಲಿಲ್ಲ. ಕಾಯಿ ನಾನೇ ತುರಿದು ಕೊಟ್ಟು ಕಳಿಸಿದೆ. ಸಂಜೆ ಕೆಳಗೆ ಇಳಿದೆ.

"ಸರ್, ಜೆನಿಟಾಳ ಕೈ ನೋಡಿದ್ರಾ?"

"ಬಾತ್‌ರೂಮಲ್ಲಿ ಜಾರಿದ್ದಂತೆ. ಅವನೇ ಹೇಳಿದ."

"ಜಾರಿ ಬಿದ್ದವರ ಮಣಿಕಟ್ಟಲ್ಲಿ ನಾಲ್ಕು ಬೆರಳು ಮೂಡ್ತದಾ ಸರ್?"

ಅವರು ಚಾದ ಗ್ಲಾಸ್ ನೆಲಕ್ಕಿಟ್ಟರು. ಆಮೇಲೆ, "ಆಯ್ತು, ನಾನು ನೋಡ್ಕೊಳ್ತೇನೆ. ನೀವು ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ" ಎಂದರು.

ಮೆಟ್ಟಿಲು ಹತ್ತುವಾಗ ನನಗೆ ಹಗುರಾಗಿತ್ತು. ಭಾರ ಅವರಿಗೆ ದಾಟಿಸಿದ್ದೆನಲ್ಲ.

ಅವರು ನೋಡಿಕೊಂಡ ಕ್ರಮ ನಮ್ಮವರೆಲ್ಲರ ಕ್ರಮವೇ. ಗಲ್ಫಿನಲ್ಲಿ ಗಂಡಸಿನ ಕೆಲಸದ ಮೇಲೆ ಮನೆಯವರೆಲ್ಲರ ವೀಸಾ ನಿಂತಿರುತ್ತದೆ. ಪೊಲೀಸು, ಆಫೀಸು ಎಂದು ಹೋಗಿ ಅವನ ಕೆಲಸ ಹೋದರೆ ಹೆಂಡತಿ, ಮಗುವೂ ಊರಿಗೇ. ಹಾಗಾಗಿ ಯಾವ ಜಗಳವಾದರೂ ಯಾರಾದರೂ ಹಿರಿಯರ ಹಾಲ್‌ನಲ್ಲಿ ಕೂತು, ಚಾ ಕುಡಿದು, ಮುಗಿಸಿಬಿಡುವುದು. ರಜೆಯ ದಿನ ಶುಕ್ರವಾರ, ನಾವು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಕೋಚ್ ಸರ್ ಅವರಿಬ್ಬರನ್ನು ತಮ್ಮ ಮನೆಗೆ ಕರೆದರು, ನಮ್ಮಿಬ್ಬರನ್ನೂ ಕರೆದರು. ರೋಶನ್ ಅತ್ತ. ಬೈಬಲ್ ಮುಟ್ಟಿದ. ಇನ್ನು ಕೈ ಎತ್ತುವುದಿಲ್ಲ ಎಂದು ಕಾಗದದಲ್ಲಿ ಬರೆದು ಸಹಿ ಹಾಕಿದ. ಕೋಚ್ ಸರ್ ಕಾಗದ ಮಡಚಿ ಮೇಜಿನ ಡ್ರಾಯರಿಗೆ ಹಾಕಿ, ಜೆನಿಟಾಳನ್ನು ಕೇಳಿದರು:

"ಆಯ್ತಲ್ಲ ಜೆನಿಟಾ? ಇನ್ನು ಎಲ್ಲ ಸರಿ ಅಲ್ವಾ?"

ಅವಳು ತಲೆ ಆಡಿಸಿದಳು. ಒಂದೇ ಸೋಫಾದಲ್ಲಿ, ರೋಶನ್‌ಗೆ ತಾಗಿಕೊಂಡು ಕೂತಿದ್ದಳು ಅವಳು. ಅದನ್ನು ನಾನು ನೋಡಿದ್ದೇನೆ. ನೋಡಿಯೂ ಆ ಸಂಜೆ ಜಪಸರ ಮುಗಿಸಿ ದೇವರಿಗೆ ದೊಡ್ಡ ಸ್ವರದಲ್ಲಿ ಸ್ತೋತ್ರ ಹೇಳಿದೆ. ಆ ಒಂದು ಸ್ತೋತ್ರಕ್ಕೆ ನನಗೆ ಇವತ್ತಿಗೂ ನಾಚಿಕೆ.

ಆಮೇಲೆ ಕೋಚ್ ಸರ್ ಜೆನಿಟಾ ಎದುರಾದಾಗಲೆಲ್ಲ "ಹುಷಾರಾ?" ಎಂದು ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ. ಹುಷಾರು ಎನ್ನುತ್ತಿದ್ದಳು. ಹೆಚ್ಚಾಗಿ ಪಕ್ಕದಲ್ಲಿ ರೋಶನ್ ಇರುತ್ತಿದ್ದ.

ಆರು ತಿಂಗಳು ಕಳೆದಿರಬೇಕು. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವರ ಮಗಳು, ಬರಿಗಾಲಲ್ಲಿ. "ಆಂಟಿ, ಮಮ್ಮಿ ಎದ್ದೇಳ್ತಾ ಇಲ್ಲ" ಎಂದಿತು. ಓಡಿದೆ. ಜೆನಿಟಾ ಫ್ರಿಜ್‌ಗೆ ಒರಗಿ ನೆಲದಲ್ಲಿ ಕೂತಿದ್ದಳು. ಭುಜದ ಎಲುಬು ಮುರಿದಿತ್ತು. ರೋಶನ್ ಅಲ್ಲೇ ನಿಂತು, "ಕುರ್ಚಿಯಿಂದ ಬಿದ್ದದ್ದು ಆಂಟಿ" ಎಂದ. ಆಸ್ಪತ್ರೆಗೂ ಜೊತೆಗೇ ಬಂದ. ಅಲ್ಲಿಯ ನರ್ಸ್ ಮೊದಲು ಮಾಡಿದ ಕೆಲಸವೆಂದರೆ ಅವನನ್ನು ಹೊರಗೆ ಕಳಿಸಿದ್ದು. ನನ್ನನ್ನೂ ಕಳಿಸಿದಳು. ಬಾಗಿಲು ಹಾಕಿಕೊಂಡು ಜೆನಿಟಾಳನ್ನು ಒಬ್ಬಳನ್ನೇ ಕೇಳಿದಳು. ಹತ್ತು ನಿಮಿಷ ಹಿಡಿಯಿತೋ ಏನೋ. ಸಂಜೆಯೊಳಗೆ ಪೊಲೀಸರು ಬಂದು ರೋಶನ್‌ನನ್ನು ಕರೆದುಕೊಂಡು ಹೋದರು.

ಆ ಹತ್ತು ನಿಮಿಷ ನಮ್ಮ ಹತ್ತಿರ ಆರು ತಿಂಗಳು ಇತ್ತು.

ಕಾಲೇಜಿನವರು ರೋಶನ್‌ನನ್ನು ಕೆಲಸದಿಂದ ತೆಗೆದರು. ಮನೆ ಒಂದು ವಾರದಲ್ಲಿ ಖಾಲಿ ಮಾಡಬೇಕೆಂದು ಜೆನಿಟಾಳಿಗೆ ಕಾಗದ ಬಂತು. ವಿಚಾರಣೆಗೆ ಒಂದು ಕಮಿಟಿ ಮಾಡಿದರು. ನನ್ನ ಮಗಳು ಆಗ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು, ಹುಡುಗಿಯರ ಟೀಮಿನಲ್ಲಿ ಆಡುತ್ತಿದ್ದಳು. ಊಟಕ್ಕೆ ಕೂತವಳು ಕೇಳಿದಳು:

"ಮಮ್ಮಾ, ಕ್ಯಾಂಪಸ್ಸಲ್ಲಿ ಎಲ್ರದ್ದೂ ಒಂದೇ ಕ್ವೆಶ್ಚನ್. ಕೋಚ್‌ಗೆ ಗೊತ್ತಿತ್ತಾ?"

ನಮ್ಮ ಮನೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೊತ್ತಿಲ್ಲ ಅಂತ ಅವರು ಹೇಳ್ತಾರೆ, ಗೊತ್ತಿಲ್ಲ ಅಂತ ನಾವು ಹೇಳ್ತೇವೆ. ಮುಗೀತು. ಹೊಡೆದದ್ದು ಅವರಾ?"

"ನಾನದು ಕೇಳಿದ್ದಲ್ಲ ಪಪ್ಪಾ. ಗೊತ್ತಿತ್ತಾ ಅಂತ ಕೇಳಿದ್ದು."

ನಾನು ಮೀನಿನ ಸಾರು ಬಡಿಸುವ ನೆವದಲ್ಲಿ ಎದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಕಾಗದ. ಒಂದು ರೋಶನ್ ಬರೆದುಕೊಟ್ಟದ್ದು. ಇನ್ನೊಂದು ಅವನ ಕೆಲಸ ಮುಂದುವರಿಸುವ ಫಾರಂನ ಪ್ರತಿ. ಅದನ್ನು ಕೋಚ್ ಸರ್ ನನ್ನ ಕಡೆ ತಿರುಗಿಸಿದರು. 'ನಡತೆ' ಎಂಬಲ್ಲಿ 'ತೃಪ್ತಿಕರ' ಎಂದು ಗುರುತು, ಕೆಳಗೆ ಅವರ ಸಹಿ. ನಮ್ಮ ಚಾ ಕುಡಿದು ಮುಗಿಸಿದ ಪಂಚಾತಿಕೆಯ ನಂತರದ ಸಹಿ ಅದು.

"ಕಾಲೇಜಿನವರು ಫೋನ್ ಮಾಡಿದ್ರು ಬಾಯಮ್ಮ. ಮುಂದಿನ ವಾರ ಫೈನಲ್ ಉಂಟು. ನೀವು ಗೊತ್ತಿಲ್ಲ ಅಂತ ಒಂದು ಮಾತು ಹೇಳಿ, ಉಳಿದದ್ದು ನಾವು ನೋಡ್ಕೊಳ್ತೇವೆ ಅಂತ."

"ನೀವು ಎಂತ ಹೇಳಿದ್ರಿ?"

"ನೀವು ನನಗೆ ಹೇಳಿದ್ದು ಯಾವಾಗ, ನೆನಪುಂಟಾ?"

"ಈಸ್ಟರ್ ಹಬ್ಬದ ಮುಂಚಿನ ನಮ್ಮ ತಪಸ್ಸಿನ ಕಾಲ ಉಂಟಲ್ಲ, ಅದು ಶುರುವಾಗುವ ಮೊದಲಿನ ವಾರ."

ಬರೆದುಕೊಂಡರು. "ನಾನು ಹೇಳುವಾಗ ನಿಮ್ಮ ಹೆಸರು ಬರ್ತದೆ. ಯಾರು ಹೇಳಿದ್ದು ಅಂತ ಕೇಳ್ತಾರೆ. ತೊಂದರೆ ಉಂಟಾ?"

ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವರು ಗೊತ್ತಿಲ್ಲ ಎಂದುಬಿಟ್ಟರೆ ನಾನೂ ಹೇಳದವಳಾಗುತ್ತೇನೆ, ನನ್ನದೂ ಮುಚ್ಚಿಹೋಗುತ್ತದೆ. ಒಳಗಿನಿಂದ ಒಂದು ಆಸೆ ಎದ್ದದ್ದು ನಿಜ, ಅವರು ಹಾಗೇ ಹೇಳಲಿ ಎಂದು. ದೇವರ ಮುಂದೆ ಸುಳ್ಳು ಹೇಳಲಾರೆ.

"ಇಲ್ಲ ಸರ್. ಹೆಸರು ಹಾಕಿ" ಎಂದೆ.

ಕಮಿಟಿಯ ಕೋಣೆಯಲ್ಲಿ ನಡೆದದ್ದು ನನಗೆ ಅರ್ಧ ಮಾತ್ರ ಗೊತ್ತು. ಅವರು ಎರಡೂ ಕಾಗದ ಮೇಜಿನ ಮೇಲಿಟ್ಟರಂತೆ. ತನಗೆ ಯಾವಾಗಿನಿಂದ ಗೊತ್ತು ಎಂದು ಹೇಳಿದರಂತೆ. ಅವನನ್ನು ಕರೆಸಿದ್ದು ತಾನು, ಉಳಿಸಿಕೊಂಡದ್ದು ತಾನು, ಆ ಹೆಂಗಸು ಮತ್ತು ಮಗುವನ್ನು ಮಾತ್ರ ಹೊರಗೆ ಹಾಕುವುದು ಯಾವ ನ್ಯಾಯ ಎಂದು ಕೇಳಿದರಂತೆ. ಅವಳ ಕಾಗದಪತ್ರ ಆಗುವವರೆಗೆ ಮನೆ ಬಿಡಿಸುವುದಿಲ್ಲ ಎಂದು ಕಮಿಟಿಯವರಿಂದ ಬರೆಸಿಕೊಂಡು ಎದ್ದರು. ಆ ಕಾಗದ ಜೆನಿಟಾಳ ಕೈಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಕೋಚ್ ಸರ್ ಕೈಗೆ ಮರುದಿನ ಬಂದದ್ದು ಬೇರೆ ಕಾಗದ, ಕೆಲಸದಿಂದ ತೆಗೆದದ್ದು. ಫೈನಲ್‌ಗೆ ಅವರು ಇರಲಿಲ್ಲ.

ಕಾಲೇಜು ಬಿಡುವ ಮೊದಲು ಮೈದಾನಕ್ಕೆ ಬಂದು ಹುಡುಗ ಹುಡುಗಿಯರ ಎರಡೂ ಟೀಮನ್ನು ನಿಲ್ಲಿಸಿ, "ನೀವು ಕೇಳ್ತಾ ಇದ್ದೀರಲ್ಲ, ನನಗೆ ಗೊತ್ತಿತ್ತು" ಎಂದು ಹೇಳಿ, ಬಾಲುಗಳನ್ನು ಚೀಲಕ್ಕೆ ತುಂಬಿಸಿ ಕೊಟ್ಟು ಹೋದರಂತೆ. ಮಗಳು ಅದನ್ನು ಹೇಳುವಾಗ ಅತ್ತಳು. ಅವಳಿಗೆ ಅವರ ಮೇಲೆ ಸಿಟ್ಟೂ ಇತ್ತು. ಯಾವುದು ಹೆಚ್ಚು ಎಂದು ಅವಳಿಗೇ ಗೊತ್ತಿರಲಿಲ್ಲ.

ಜೆನಿಟಾಳ ಹತ್ತಿರ ತಪ್ಪಾಯಿತೆಂದು ಹೇಳಲು ಅವರು ಹೋದಾಗ ನಾನು ಅವಳ ಅಡುಗೆಮನೆಯಲ್ಲೇ ಗಂಜಿ ಬಿಸಿ ಮಾಡುತ್ತಿದ್ದೆ. ಅವಳು ಹೇಳಿದ್ದು ಇಷ್ಟೇ:

"ನೀವು ನನ್ನನ್ನು ಕೇಳಿದ್ದು ಅವನ ಎದುರಿಗೆ ಸರ್."

"ಹೌದು" ಎಂದರು ಅವರು.

ವೀಸಾ ಮುಗಿಯಲು ಇನ್ನಿದ್ದ ಎರಡು ತಿಂಗಳಲ್ಲಿ ಅವರು ತಮಗೆ ಕೆಲಸ ಹುಡುಕಲಿಲ್ಲ, ಜೆನಿಟಾಳಿಗೆ ಹುಡುಕಿದರು. ಸಿತ್ರಾದ ಒಂದು ಕಂಪನಿಯ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಕೆಲಸ ಸಿಕ್ಕಿತು, ವೀಸಾ ಅವಳ ಹೆಸರಿಗೇ ಆಯಿತು. ಅವರು ಊರಿಗೆ ಹೊರಟ ದಿನ ನಾನು ಹಲ್ವದ ಡಬ್ಬಿ ಹಿಡಿದು ಕೆಳಗೆ ಹೋದೆ. ತುಂಬ ದಿನದಿಂದ ಬಾಯಲ್ಲಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಸರ್, ಬೇಜಾರು ಮಾಡ್ಬೇಡಿ. ನನ್ನ ಮೊಣಕಾಲು ನೋವು ನಿಮಗೆ ದೂರದಿಂದ ಕಾಣ್ತದೆ. ಅವಳ ಕೈ ಯಾಕೆ ಕಾಣ್ಲಿಲ್ಲ?"

ಸೂಟ್‌ಕೇಸಿನ ಬೆಲ್ಟ್ ಬಿಗಿಯುತ್ತಿದ್ದವರು ನಿಲ್ಲಿಸಿದರು.

"ಕಂಡಿತ್ತು ಬಾಯಮ್ಮ. ನೀವು ಹೇಳುವ ಮೊದಲೇ ಕಂಡಿತ್ತು. ಒಳ್ಳೆ ಅಸಿಸ್ಟೆಂಟ್ ಅವನು. ಕಪ್ ಹತ್ತಿರ ಇತ್ತು."

ಅಷ್ಟೇ. ಇದಕ್ಕಿಂತ ಚಂದದ ಒಂದು ಕಾರಣ ಅವರಿಗೆ ಸಿಗುತ್ತಿರಲಿಲ್ಲವೇ? ಮಗುವಿನ ಭವಿಷ್ಯ ಎನ್ನಬಹುದಿತ್ತು, ವೀಸಾ ಎನ್ನಬಹುದಿತ್ತು, ನಾವೆಲ್ಲ ಅದನ್ನೇ ಹೇಳಿಕೊಂಡಿದ್ದೆವು. ಅವರು ಹೇಳಲಿಲ್ಲ. ನಾನು ಪಾಪನಿವೇದನೆಗೆ ಹೋಗಿ ಮೊಣಕಾಲೂರಿದಾಗಲೆಲ್ಲ ಆ ಎರಡು ಮಾತಿನ ಅಳತೆಯಲ್ಲಿ ನನ್ನದನ್ನು ಹೇಳಲು ನೋಡುತ್ತೇನೆ. ಒಮ್ಮೊಮ್ಮೆ ಆಗುತ್ತದೆ.

ಮೊನ್ನೆ ಮಗಳ ಫೋನ್ ಇಟ್ಟ ಮೇಲೆ ಮೀನು ತೊಳೆದು ಉಪ್ಪು, ಹುಳಿ ಹಚ್ಚಿಟ್ಟೆ. ಕೈ ಒರೆಸಿಕೊಂಡು ಜೆನಿಟಾಳಿಗೆ ಫೋನ್ ಮಾಡಿದೆ. ಹೇಗೆ ಹೇಳುವುದೆಂದು ತಿಳಿಯದೆ ನೇರ ಹೇಳಿಬಿಟ್ಟೆ. ಅವಳ ಕಡೆಯಿಂದ ಕ್ಲಿನಿಕ್ಕಿನ ಸದ್ದು, ಯಾರನ್ನೋ ನಂಬರ್ ಹೇಳಿ ಕರೆಯುವುದು ಕೇಳುತ್ತಿತ್ತು.

"ಹೋದ ವಾರ ಫೋನ್ ಮಾಡಿದ್ರು ಆಂಟಿ" ಎಂದಳು.

"ಯಾರು? ಕೋಚ್ ಸರಾ? ನಿನಗಾ?"

"ಊರಿಗೆ ಹೋದಾಗಿನಿಂದ ತಿಂಗಳಿಗೊಮ್ಮೆ ಮಾಡ್ತಿದ್ರು. ಹಲೋ ಅಂದ ಕೂಡಲೇ ಮೊದಲು ಕೇಳುದು, ಹತ್ರ ಯಾರಾದ್ರೂ ಇದ್ದಾರಾ ಅಂತ. ಇದ್ದಾರೆ ಅಂದ್ರೆ ಇಟ್ಬಿಡ್ತಿದ್ರು. ಆಮೇಲೆ ಮಾಡ್ತಿದ್ರು. ಯಾರೂ ಇಲ್ಲ ಅಂದ ಮೇಲೆಯೇ ಹುಷಾರಾ ಅಂತ ಕೇಳುದು."

"ಇಷ್ಟು ವರ್ಷ ನನಗೆ ಒಂದು ಮಾತು ಹೇಳ್ಲಿಲ್ಲ ನೀನು."

"ನೀವು ಕೇಳ್ಲಿಲ್ಲ ಆಂಟಿ."

ಅದರಲ್ಲಿ ಮುನಿಸು ಇರಲಿಲ್ಲ. ಇದ್ದದ್ದನ್ನು ಹೇಳಿದಳು. ನಾನು ಮೊದಲ ಸಲ ಕೇಳಿದೆ, "ಜೆನಿಟಾ, ಈಗ ನಿನ್ನ ಹತ್ರ ಯಾರಾದ್ರೂ ಇದ್ದಾರಾ?"

"ಇದ್ದಾರೆ ಆಂಟಿ. ಪೇಶೆಂಟ್ಸ್. ನಾಲ್ಕು ಗಂಟೆಗೆ ಬಸ್ಸಿಗೆ ನಿಂತಿರ್ತೇನೆ, ಆಗ ಮಾಡಿ."

ಮಾಡ್ತೇನೆ ಎಂದೆ. ಒಳಗೆ ವಾಷಿಂಗ್ ಮೆಷಿನ್ ನಿಂತು ಎಷ್ಟೋ ಹೊತ್ತಾಗಿತ್ತು. ಬಟ್ಟೆ ಬಕೆಟಿಗೆ ಹಾಕಿ ಬಾಲ್ಕನಿಗೆ ಹೋದೆ. ಹೊರಗೆ ಧೂಳಿನ ಗಾಳಿ ಎದ್ದಿತ್ತು. ಒಳಗೇ ಬಾಗಿಲಿನಿಂದ ಬಾಗಿಲಿಗೆ ಹಗ್ಗ ಕಟ್ಟಿ, ಬೆಡ್‌ಶೀಟಿನ ಒಂದೊಂದು ತುದಿಯನ್ನೂ ಕೊಡವಿ ಹರವಲು ಶುರುಮಾಡಿದೆ.