ಕೇಳದ ಕಿವಿಗೆ ಕೇಳಿಸಿದ ಡಕೋಟಾ

ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಿಮಗಿಂತ ಜೋರಾಗಿಯೇ ನಗುತ್ತಿದ್ದೆ. ನಮ್ಮ ನಂದಗುಡಿಯಲ್ಲಿ ಯಾರಾದರೂ ಹುಣಸೆಮರದ ದೆವ್ವದ ಸುದ್ದಿ ತೆಗೆದರೆ, "ನಂಗೂ ಒಂದ್ಸಲ ತೋರ್ಸ್ರಪ್ಪಾ, ಮಾತಾಡಿಸ್ಕೊಂಡು ಬರ್ತೀನಿ" ಎಂದು ರೇಗಿಸುತ್ತಿದ್ದವನು ನಾನು. ಯುದ್ಧದಲ್ಲಿ ಡಕೋಟಾ ವಿಮಾನದ ಬಾಗಿಲಲ್ಲಿ ಕೆಲಸ ಮಾಡಿ ಬಂದವನಿಗೆ ಹುಣಸೆಮರ ಯಾವ ಮಹಾ? ಆದರೆ ಒಂದು ಬೆಳಿಗ್ಗೆ ನಡೆದದ್ದಕ್ಕೆ ಮಾತ್ರ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಬಾಗಿಲಲ್ಲಿ ಕೆಲಸ ಎಂದರೇನು ಎಂದು ಮೊದಲು ಹೇಳಬೇಕು. ಡಕೋಟಾ ಎಂದರೆ ಸಾಮಾನು ಸಾಗಿಸುವ, ಎರಡು ಎಂಜಿನ್ನಿನ ಮಿಲಿಟರಿ ವಿಮಾನ. ಬರ್ಮಾ ಕಾಡಿನಲ್ಲಿ ಸಿಕ್ಕಿಕೊಂಡಿದ್ದ ಸಿಪಾಯಿಗಳಿಗೆ ಅಕ್ಕಿ, ಬೇಳೆ ಕೊಂಡೊಯ್ದು ಮೇಲಿನಿಂದ ಬೀಳಿಸಬೇಕು. ಪಕ್ಕದ ಬಾಗಿಲನ್ನು ಕಿತ್ತೇ ಬಿಟ್ಟಿರುತ್ತಿದ್ದರು. ಗಂಟೆ ಹೊಡೆದ ಕೂಡಲೇ ನಾವು ಬೆನ್ನ ಮೇಲೆ ಮಲಗಿ, ಎರಡೂ ಕಾಲಿನಲ್ಲಿ ಮೂಟೆಗಳನ್ನು ಒದ್ದು ಹೊರಗೆ ತಳ್ಳುವುದು. ಬಿದ್ದು ಒಡೆದರೂ ಅಕ್ಕಿ ಚೆಲ್ಲದಿರಲಿ ಎಂದು ಒಂದು ಚೀಲದ ಮೇಲೆ ಇನ್ನೊಂದು ದೊಡ್ಡ ಚೀಲ ಹಾಕಿರುತ್ತಿದ್ದರು.

ನನ್ನ ಜೊತೆ ಒದೆಯುತ್ತಿದ್ದವನು ಕೆಂಪಣ್ಣ. ಒಂದೇ ಬೀದಿಯವರು, ಹೊಸಕೋಟೆಗೆ ಒಟ್ಟಿಗೆ ಹೋಗಿ ಫೌಜಿಗೆ ಸೇರಿದವರು. "ಊರಲ್ಲಿ ಅನ್ನ ಕಾಲಿಗೆ ತಾಕಿದ್ರೆ ಕಣ್ಣಿಗೊತ್ಕೋತಿದ್ವಿ ಕಣೋ. ಇಲ್ಲಿ ಒದಿಯೋಕೇ ಸಂಬಳ ಕೊಡ್ತಾರೆ!" ಎನ್ನುತ್ತಿದ್ದ. ಹಾಗಂದು ಸುಮ್ಮನಿರುವವನಲ್ಲ. ಮೊದಲ ಮೂಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒದೆಯುತ್ತಿದ್ದ. ಕೊನೆಯ ಮೂಟೆ ಬಿದ್ದ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಹೆಂಡತಿ ಕೊಟ್ಟು ಕಳಿಸಿದ್ದ ಕೆಂಪಂಚಿನ ಟವಲನ್ನು ಕೆಳಗಿನವರಿಗೆ ಬೀಸುತ್ತಿದ್ದ. ಸಾಹೇಬರು ಬೈದರೂ ಬಿಡಲಿಲ್ಲ. "ಕೆಳಗಿರೋರು ನಮ್ಮೋರಲ್ವೇನೋ? ಮೂಟೆ ಎಸೆದು ಹಂಗೇ ಹೋಗ್ಬಿಟ್ರೆ ಏನಂದ್ಕೊಂಡಾರು?" ಎಂದು ನನಗೇ ಬುದ್ಧಿ ಹೇಳುತ್ತಿದ್ದ.

ನೆಗಡಿಯಾದವನು ವಿಮಾನ ಹತ್ತಬಾರದು, ಡಾಕ್ಟರಿಗೆ ತಿಳಿಸಬೇಕು ಎಂದು ನಮಗೆ ಕಟ್ಟಪ್ಪಣೆ ಇತ್ತು. ಒಂದು ದಿನ ನಾನು ಮೂಗು ಕಟ್ಟಿದ್ದನ್ನು ಮುಚ್ಚಿಟ್ಟು ಹತ್ತಿಬಿಟ್ಟೆ. ಸೋಮಾರಿ ಅಂದಾರು ಎಂಬ ಜಂಬ, ಇನ್ನೇನು! ವಿಮಾನ ಬೆಟ್ಟ ದಾಟಿ ಕಣಿವೆಗೆ ದಿಢೀರನೆ ಇಳಿದಾಗ ನನ್ನ ಎಡಗಿವಿಯ ತಮಟೆ ಒಡೆದುಹೋಯಿತು. ಕೊರಳವರೆಗೆ ರಕ್ತ ಇಳಿಯಿತು. ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು, ಕೇಳಲೂ ಇಲ್ಲ.

ಮಾರನೆಯ ದಿನ ಕೆಂಪಣ್ಣನಿಗೆ ರಜೆ ಇತ್ತು, ಆದರೂ ನನ್ನ ಸರದಿಗೆ ಅವನೇ ಹೋದ. "ನೀನು ಮಲಕ್ಕೋ, ಬಂದ್ಬಿಡ್ತೀನಿ" ಎಂದ. ಆ ವಿಮಾನ ಬರಲಿಲ್ಲ. ಹುಡುಕಿದರು, ಒಂದು ತಗಡೂ ಸಿಗಲಿಲ್ಲ. ಮನೆಗೆ ಬಂದ ಕಾಗದದಲ್ಲಿ ಪತ್ತೆಯಿಲ್ಲ ಎಂದಿತ್ತೇ ಹೊರತು ಸತ್ತ ಎಂದಿರಲಿಲ್ಲ.

ಯುದ್ಧ ಮುಗಿದು ನಾನು ಊರಿಗೆ ಬಂದ ಎರಡನೆಯ ಸುಗ್ಗಿ. ಕೆಂಪಣ್ಣನ ಹೆಂಡತಿ ನಂಜಮ್ಮನಿಗೆ ಆಗ ಇಪ್ಪತ್ತು ದಾಟಿತ್ತು ಅಷ್ಟೆ. ಅವಳ ಸೋದರಮಾವ ಪಿಳ್ಳಪ್ಪ ದೇವನಹಳ್ಳಿ ಕಡೆಯ ಒಂದು ಒಳ್ಳೆಯ ಗಂಡು ನೋಡಿದ್ದ. ಗಂಡ ಸತ್ತವಳಿಗೆ ಕೂಡಿಕೆ ಮಾಡಿ ಎರಡನೆಯ ಸಂಸಾರ ಕಟ್ಟಿಕೊಡುವ ಪದ್ಧತಿ ನಮ್ಮವರಲ್ಲಿ ಇತ್ತು. ಆದರೆ ಗಂಡ ಸತ್ತ ಎಂದು ಹಿರಿಯರ ಮುಂದೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳುವವನು ನಾನೊಬ್ಬನೇ. ನಾನೂ ಹೂಂ ಅಂದಿದ್ದೆ. ಅವನು ಹೋದ ಎಂದು ನಾನು ಮನಸಾರೆ ನಂಬಿದ್ದೆ.

ಹಿರಿಯರು ಸೇರಬೇಕಿದ್ದ ದಿನ ಬೆಳಿಗ್ಗೆ ನಮ್ಮ ಕಣದಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಆಳು ಒಬ್ಬ ಎತ್ತುಗಳಿಗೆ ರೋಣಗಲ್ಲು ಕಟ್ಟಿ ತೆನೆಯ ಮೇಲೆ ಉರುಳಿಸುತ್ತಿದ್ದ. ಕೆಲಸಕ್ಕೆ ಬಂದಿದ್ದ ನಂಜಮ್ಮ ಪೊರಕೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ಅಣ್ಣಾ, ನೀನು ಅವರ ಜೊತೇಲಿದ್ದೋನು. ಹೋದ್ರು ಅಂತ ನೀನಂದ್ರೆ ನಾನು ನಂಬ್ತೀನಿ, ಬಳೆ ತೆಗೀತೀನಿ, ಮಾವ ಹೇಳಿದ್ ಕಡೆ ಹೋಗ್ತೀನಿ. ಇಲ್ಲಾಂದ್ರೆ ಕಾಯ್ತೀನಿ. ಸುಳ್ಳು ಮಾತ್ರ ಹೇಳ್ಬೇಡ."

"ಮಧ್ಯಾಹ್ನ ಹೇಳ್ತೀನಮ್ಮ" ಎಂದೆ. ಅವಳು ಹೋಗಿ ಕಣದ ಅಂಚು ಗುಡಿಸತೊಡಗಿದಳು.

ಆಗ ಶಬ್ದ ಕೇಳಿಸಿತು. ಡಕೋಟಾದ ಎಂಜಿನ್ನನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ತಲೆಯೆತ್ತಿದೆ. ಕೆರೆಯ ಕಡೆಯಿಂದ, ಮರದ ತುದಿ ತಾಕುವಷ್ಟು ಕೆಳಗೆ ಬಂತು, ಮೂಟೆ ಹಾಕುವಾಗ ಬರುವ ಹಾಗೆಯೇ. ಪಕ್ಕದ ಬಾಗಿಲಿರಲಿಲ್ಲ. ಅಲ್ಲಿ ಒಬ್ಬ ಚೌಕಟ್ಟು ಹಿಡಿದು ನಿಂತಿದ್ದ. ಅವನ ಕೈಯಲ್ಲಿ ಕೆಂಪಂಚಿನ ಟವಲು. ಮುಖ ಕಂಡಿತೇ ಎಂದು ಕೇಳಬೇಡಿ, ಕಾಣಲಿಲ್ಲ.

ಗಾಬರಿಯಲ್ಲೂ ಒಂದು ಕೆಲಸ ಮಾಡಿದೆ. ಬಲಗಿವಿಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿದೆ. ರೋಣಗಲ್ಲಿನ ಗರಗರ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಆ ಕೈ ಅಲ್ಲೇ ಇರುವಂತೆ ಎಡಗಿವಿಯನ್ನೂ ಮುಚ್ಚಿದೆ. ಎಂಜಿನ್ ನಿಂತುಹೋಯಿತು. ಎಡಗೈ ತೆಗೆದರೆ ಮತ್ತೆ ಕೇಳಿಸಿತು. ಬರ್ಮಾದಲ್ಲಿ ಒಡೆದುಹೋದ ಕಿವಿಗೆ! ವಿಮಾನ ಕಣದ ಮೇಲೆ ಒಂದು ಸುತ್ತು ಹಾಕಿ, ಬಂದ ದಾರಿಯಲ್ಲೇ ಹೋಯಿತು. ಎತ್ತುಗಳು ಕಿವಿ ಕೂಡ ಅಲುಗಿಸಲಿಲ್ಲ.

"ಇಮಾನ ನೋಡ್ದೇನೋ?" ಎಂದು ಆಳನ್ನು ಕೇಳಿದೆ.

"ಯಾವ ಇಮಾನಣ್ಣಾ? ಬೆಳಬೆಳಗ್ಗೇನೇ ಏನಾಯ್ತು ನಿಂಗೆ?" ಎಂದು ನಕ್ಕ.

ಮಧ್ಯಾಹ್ನ ಹಿರಿಯರ ಮುಂದೆ ನಿಂತು, "ಅವನು ಸತ್ತಿದ್ದನ್ನ ನಾನು ನೋಡಿಲ್ಲ. ಹೋದ ಅಂತ ಹೇಳೋಕೆ ನನ್ನಿಂದಾಗಲ್ಲ" ಎಂದುಬಿಟ್ಟೆ. ವಿಮಾನದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಮಾಟಗಾರನ ಹತ್ತಿರ ಕರೆದೊಯ್ಯುತ್ತಿದ್ದರು.

ಪಿಳ್ಳಪ್ಪ ಕೆಂಡವಾದ. "ಥೂ ನಿನ್ನ! ನಿನ್ನೆ ತಂಕ ಹೂಂ ಅಂತಿದ್ದೆಯಲ್ಲೋ! ಹೆಣ್ಣುಮಗೀನ ಬದುಕು ಹಾಳ್ಮಾಡಿದ್ಯಲ್ಲೋ ಪಾಪಿ!" ಎಂದು ಎಲ್ಲರ ಎದುರೇ ಉಗಿದ. ಗಂಡಿನ ಕಡೆಯವರು ಎದ್ದು ಹೋದರು. ನಂಜಮ್ಮ ಬಳೆ ತೆಗೆಯಲಿಲ್ಲ.

ಅವಳು ಕಾದಳು. ಎರಡು ಹಸು ಕಟ್ಟಿಕೊಂಡು, ಮನೆಮನೆಗೆ ಹಾಲು ಹಾಕಿಕೊಂಡು, ಕುಂಕುಮ ಇಟ್ಟುಕೊಂಡು ತಲೆ ಬೆಳ್ಳಗಾಗುವವರೆಗೂ ಕಾದಳು. ನನಗೆ ಹೆಂಡತಿ ಮಕ್ಕಳಾದರು. ಬೀದಿಯಲ್ಲಿ ಅವಳು ಎದುರಾದಾಗೆಲ್ಲ ನಾನು ಪಕ್ಕದ ಸಂದಿಗೆ ತಿರುಗುತ್ತಿದ್ದೆ. ಒಂದು ನೆಗಡಿಯಿಂದ ಅವಳ ಗಂಡನನ್ನು ಕಳೆದೆ, ಒಂದು ಮಾತಿನಿಂದ ಅವಳ ಎರಡನೆಯ ಬದುಕನ್ನೂ ಕಳೆದೆ ಎಂದು ಕೊರಗಿದ್ದೇನೆ. ಕೆಂಪಣ್ಣ ಒಂದೇ ಒಂದು ಸಲ ಬಂದು "ಲೇ" ಎಂದು ಕರೆಯಬಾರದೇ ಎಂದು ಎಷ್ಟು ಹಂಬಲಿಸಿದ್ದೇನೋ ನನಗೇ ಗೊತ್ತು.

ನಂಜಮ್ಮ ಕೊನೆಗಾಲದಲ್ಲಿ ಮಲಗಿದಾಗ ನೋಡಲು ಹೋದೆ. ಈಗಲಾದರೂ ತಪ್ಪೊಪ್ಪಿಕೊಳ್ಳೋಣವೆಂದು, "ಅವತ್ತು ಹಿರೀಕರ ಮುಂದೆ ನಾನು..." ಎಂದು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

"ಬಿಡಣ್ಣಾ. ನೀನು ಅಲ್ಲಿ ಏನಂದಿದ್ರೂ ನಾನು ಕಾಯೋಳೇ ಇದ್ದೆ. ಬೆಳಗ್ಗೆ ಕಣದಾಗೆ ಆಕಾಶ ನೋಡ್ಕೊಂಡು ಟವಲ್ ಬೀಸ್ತಿದ್ಯಲ್ಲ, ನಾನು ನೋಡ್ದೆ. ಕೆಂಪಂಚಿನ ಟವಲು. ಅವರು ಹಂಗೇ ಬೀಸ್ತಾರೆ ಅಂತ ನೀನೇ ಹೇಳಿದ್ಯಲ್ಲ. ಯಾರೂ ಇಲ್ದೆ ನೀನು ಹಂಗೆ ಬೀಸೋನಲ್ಲ."

ನಾನು ಹೌದಮ್ಮ ಎಂದೆ. ಬೇರೇನು ಹೇಳಲಿ? ಅವತ್ತು ನನ್ನ ಹೆಗಲ ಮೇಲೆ ಟವಲೇ ಇರಲಿಲ್ಲ. ಅಂಥ ಕೆಂಪಂಚಿನದು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ವಿಮಾನ ಇದ್ದಷ್ಟು ಹೊತ್ತೂ ನನ್ನ ಎರಡು ಕೈಗಳು ಕಿವಿ ಮುಚ್ಚಿ ತೆಗೆಯುವುದರಲ್ಲೇ ಇದ್ದವು.

ಅವಳು ಕಂಡದ್ದು ಯಾರನ್ನು, ನಾನು ಕಂಡದ್ದು ಏನನ್ನು, ನನಗೆ ಗೊತ್ತಿಲ್ಲ. ಒಡೆದ ಕಿವಿಯಲ್ಲಿ ಕೆಲವರಿಗೆ ಹಳೆಯ ಶಬ್ದ ಉಳಿದಿರುತ್ತದೆ ಎಂದು ಒಬ್ಬ ಡಾಕ್ಟರು ಹೇಳಿದ್ದರು, ಇರಬಹುದು. ಆ ಕಿವಿಗೆ ಆಮೇಲೆ ಏನೂ ಕೇಳಿಸಿಲ್ಲ. ಆದರೂ ಪ್ರತಿ ದಿನ ಮಲಗುವಾಗ ಬಲಗಿವಿಯನ್ನು ದಿಂಬಿಗೆ ಒತ್ತಿ, ಎಡಗಿವಿಯನ್ನೇ ಮೇಲೆ ಮಾಡಿಕೊಂಡು ಮಲಗುತ್ತೇನೆ.