ಎದೆಯ ಗಂಟಿಗೆ ಮನೆಯೆಲ್ಲ ವೈದ್ಯರು

ಕುಷ್ಟಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹಾರ್ಮೋನುಗಳ ಪಾಠಕ್ಕೆ ಬೋರ್ಡಿನ ಮೇಲೆ ನಾನು ಬಿಡಿಸುವ ಚಿತ್ರ ಪುಸ್ತಕದ್ದಕ್ಕಿಂತ ಚೆನ್ನಾಗಿರುತ್ತದೆ ಎಂಬ ಜಂಬವೂ ಇದೆ. ಅಂಥ ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಎಡ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಾಗ, ಒಂಬತ್ತು ದಿನ ಅದರ ಮೇಲೆ ಹಸಿರು ಲೇಪ ಬಳಿದುಕೊಂಡು ಕೂತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬೇರೆಯವರನ್ನು ಬೈಯುವುದಿದೆ.

ಸ್ನಾನ ಮಾಡುವಾಗ ಸಿಕ್ಕಿದ ಗಂಟು ಅದು. ದ್ರಾಕ್ಷಿಯಷ್ಟು ದೊಡ್ಡದು, ನೋವಿಲ್ಲ, ಬೆರಳಿಟ್ಟರೆ ಜಾರಿ ಆಚೆ ಸರಿಯುತ್ತಿತ್ತು. ಯಾರಿಗೂ ಹೇಳಬೇಡವೆಂದು ನನ್ನ ಬಾಯಿ ಮುಚ್ಚಿಸಿದ ಅವ್ವ, ಹನುಮಸಾಗರದಲ್ಲಿರುವ ಸೋದರತ್ತೆಗೆ ತಾನೇ ಫೋನು ಮಾಡಿದಳು. ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದಿಳಿದಳು. ಅಪ್ಪನ ಕೊನೆಯ ತಂಗಿ, ನಲವತ್ತೆಂಟು ವರ್ಷ, ಗೊತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

"ಬಿಗಿ ಬಾಡಿ ಹಾಕ್ಕೊಂಡು ದಿನಾ ಸಾಲಿಗೆ ಹೋಗ್ತಾಳ. ರಕ್ತ ನಿಂತು ಗಂಟಾಗೇತಿ. ಲಗೂನ ಲಗ್ನ ಮಾಡ್ರಿ ಅಂದ್ರ ಕೇಳಲಿಲ್ಲ. ಕೂಸಿಗೆ ಹಾಲು ಕುಡಿಸಿದ್ರ ಇವೆಲ್ಲಾ ಎಲ್ಲಿರ್ತಿದ್ವು?"

ಪಕ್ಕದ ಮನೆಯಾಕೆ ನಾನು ಮೊಬೈಲನ್ನು ರವಿಕೆಯಲ್ಲಿಟ್ಟುಕೊಂಡದ್ದೇ ಕಾರಣವೆಂದಳು. ನನ್ನ ಮೊಬೈಲು ಯಾವಾಗಲೂ ಬ್ಯಾಗಿನಲ್ಲಿರುತ್ತದೆ. ಅದರಿಂದ ಆಕೆಯ ಸಿದ್ಧಾಂತಕ್ಕೇನೂ ಅಡ್ಡಿಯಾಗಲಿಲ್ಲ.

ಲೇಪ ತಂದವಳು ಅತ್ತೆಯೇ. ಅದನ್ನು ಕೊಡುವ ನಾಟಿ ವೈದ್ಯ ನನ್ನನ್ನೇ ನೋಡಿರಲಿಲ್ಲ, ಗಂಟಿನ ಮಾತಂತೂ ಕೇಳಲೇಬೇಡಿ. ಮೊಣಕಾಲು ನೋವಿಗೂ ಅದನ್ನೇ ಕೊಡುತ್ತಾನಂತೆ. ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು, ನಾನೂ. ಆ ಹೆದರಿಕೆಯಲ್ಲೇ ಹಚ್ಚಿಕೊಂಡೆ. ಒಂಬತ್ತನೆಯ ದಿನ ಚರ್ಮದ ಮೇಲೆ ಗುಳ್ಳೆಗಳೆದ್ದವು. ಆಗ ಶಾಲೆಗೆ ರಜೆ ಹಾಕಿ ಕೊಪ್ಪಳದ ಬಸ್ಸು ಹತ್ತಿದೆ. ನಾನು ಬೇಡವೆಂದರೂ ಅತ್ತೆ ಜೊತೆಗೆ ಬಂದಳು.

ಡಾಕ್ಟರು ಐವತ್ತು ದಾಟಿದ ಹೆಂಗಸು. ಮೊದಲು ಗುಳ್ಳೆಗಳನ್ನೇ ನೋಡಿದರು.

"ಇದೇನ್ ಹಚ್ಚೀರಿ?"

"ಔಷಧಾರಿ," ಎಂದಳು ಅತ್ತೆ.

"ಗಂಟಿಗೆ ಏನೂ ಆಗಿಲ್ಲ. ತೊಗಲು ಸುಟ್ಟೈತಿ."

ಸ್ಕ್ಯಾನ್ ಆಯಿತು, ಸೂಜಿ ಹಾಕಿ ಗಂಟಿನ ಚೂರನ್ನು ಪರೀಕ್ಷೆಗೂ ತೆಗೆದುಕೊಂಡರು. ನಾಲ್ಕು ದಿನದ ಮೇಲೆ ವರದಿಗೆ ಹೋದಾಗಲೂ ಅತ್ತೆ ಬೆನ್ನಿಗಿದ್ದಳು.

"ಇದು ಕ್ಯಾನ್ಸರ್ ಅಲ್ಲವ್ವಾ," ಎಂದರು ಡಾಕ್ಟರು. "ಫೈಬ್ರೋಅಡಿನೋಮ ಅಂತಾರ. ಹಾಲಿನ ಗ್ರಂಥಿ, ಅದರ ಸುತ್ತಲಿನ ನಾರು ಒಂದ್ ಕಡಿ ಜಾಸ್ತಿ ಬೆಳದು ಗಂಟಾಗೈತಿ. ನಿನ್ನ ವಯಸ್ಸಿನವರಿಗೆ ಇದು ಭಾಳ ಕಾಣತೈತಿ."

"ಯಾಕ್ ಆಗತೈತ್ರಿ?"

"ಹಾರ್ಮೋನಿಗೆ ಸಂಬಂಧ ಐತಿ. ಇಂಥವ್ರಿಗೇ ಯಾಕ ಅಂತ ನಮಗೂ ಪೂರಾ ಗೊತ್ತಿಲ್ಲ. ಬಾಡಿಯಿಂದ ಅಲ್ಲ, ಮೊಬೈಲಿಂದ ಅಲ್ಲ, ಲಗ್ನ ಆಗದ್ದಕ್ಕೂ ಅಲ್ಲ. ಈಗ ತೆಗೆಯೂದು ಬ್ಯಾಡ. ಆರು ತಿಂಗಳಿಗೆ ಬಂದು ತೋರಸು."

ಅಷ್ಟು ಓದಿದ ಡಾಕ್ಟರು ಗೊತ್ತಿಲ್ಲ ಎಂದರು. ನಾನು ಅತ್ತೆಯ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನಾನು ಎದ್ದರೂ ಅವಳು ಏಳಲಿಲ್ಲ.

"ಡಾಕ್ಟರ್ರೀ, ನಂದೂ ಒಂದೀಟು ನೋಡ್ರಿ," ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಅವಳ ಎದೆಯಲ್ಲಿ ಎರಡು ವರ್ಷದಿಂದ ಗಂಟಿತ್ತು. ನನ್ನದನ್ನು ಬಳಗಕ್ಕೆಲ್ಲ ಸಾರಿದವಳು ತನ್ನದನ್ನು ಗಂಡನಿಗೂ ಹೇಳಿರಲಿಲ್ಲ. ಅವಳ ವಯಸ್ಸಿಗೆ ಬೇಕೆಂದು ಮ್ಯಾಮೊಗ್ರಾಮನ್ನೂ ಮಾಡಿಸಿದರು. ಅದು ನೀರು ತುಂಬಿದ ಬರಿಯ ಚೀಲ. ಸೂಜಿಯಿಂದ ನೀರು ಎಳೆದರು, ಗಂಟು ಇಳಿಯಿತು. "ಎರಡ್ ವರ್ಷ ಸುಮ್ಮನ ಕುಂತಿರಲ್ಲ. ಕೆಟ್ಟದ್ದಾಗಿದ್ರ ಏನ್ ಮಾಡ್ತಿದ್ರಿ? ಯಾವ ಗಂಟಾದ್ರೂ ಬಂದು ತೋರಿಸಬೇಕು," ಎಂದು ಡಾಕ್ಟರು ಗದರಿದರು.

ಮರಳುವಾಗ ಬಸ್ಸಿನಲ್ಲಿ ಕೇಳಿದೆ. "ಆ ಲೇಪ ನೀ ಯಾಕ ಹಚ್ಕೊಳ್ಳಲಿಲ್ಲ ಅತ್ತಿ?"

"ಅಂಜಿಕಿ ಇತ್ತವ್ವಾ. ನಿನಗ ಕರಗಿದ್ರ ನಾನೂ ಹಚ್ಕೋಬೇಕಂತ ಮಾಡಿದ್ದೆ."

ನಾನು ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

ನನ್ನ ಗಂಟು ಈಗಲೂ ಅಷ್ಟೇ ಇದೆ, ಬೆಳೆದಿಲ್ಲ. ಅತ್ತೆ ಮಾತ್ರ ದೊಡ್ಡ ತಜ್ಞೆಯಾಗಿದ್ದಾಳೆ. ಹನುಮಸಾಗರದ ಹೆಂಗಸರಿಗೆ, "ಸ್ಕ್ಯಾನ್ ಮಾಡಸ್ರಿ, ನಮ್ಮಣ್ಣನ ಮಗಳಿಗೂ ಆಗಿತ್ತು," ಎನ್ನುತ್ತಾಳಂತೆ. ತನ್ನದರ ಸುದ್ದಿಯಿಲ್ಲ. ಗಂಗಾವತಿಯ ಮದುವೆಯೊಂದರಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಊಟದ ಪಂಕ್ತಿಯಲ್ಲೇ ನನ್ನ ಗಂಟಿನ ಕ್ಷೇಮ ವಿಚಾರಿಸಿದಳು. ಅತ್ತೆಯ ಹೆಸರು ಹೇಳಿಕೊಂಡು ಮೂವರು ಬಂದು ತೋರಿಸಿಕೊಂಡು ಹೋದರೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕಾಗಿ ಅತ್ತೆಯನ್ನು ಬೈಯದೆ ಬಾಯಿ ಮುಚ್ಚಿಕೊಂಡಿದ್ದೇನೆ.