ಅಜ್ಜ ಹುಡುಕಿಕೊಟ್ಟ ಮೂರಕ್ಷರ

ಹದಿನೇಳು ವರ್ಷ ಎತ್ತಿ ಆಡಿಸಿ ಬೆಳೆಸಿದ ಹುಡುಗಿಗೆ ನಾನು ತಂದೆಯಲ್ಲ ಎಂದು ಕಾಗದದಲ್ಲಿ ಸಾಬೀತು ಮಾಡುವ ಕೆಲಸ ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನನ್ನ ತಲೆಗೆ ಬಂತು. ಆ ಕೆಲಸವನ್ನು ಮಾಡಿಸಿದವನು ನಮ್ಮ ದೈವ ಸ್ವಾಮಿ ಕೊರಗಜ್ಜ. ಅಜ್ಜನನ್ನು ನಂಬಿದ ನಿಮ್ಮೆಲ್ಲರಿಗೆ ಇದನ್ನು ಹೇಳದೆ ಕೂತರೆ ನನಗೆ ಊಟ ಸೇರುವುದಿಲ್ಲ. ಬರೆದು ಅಭ್ಯಾಸವಿಲ್ಲ. ಪಡೀಲಿನಿಂದ ಹಂಪನಕಟ್ಟೆಗೆ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವುದೇ ನನ್ನ ಉದ್ಯೋಗ, ಹಾಗಾಗಿ ಮಾತು ಸ್ವಲ್ಪ ಜೋರಾದರೆ ಸಹಿಸಿಕೊಳ್ಳಿ.

ಹುಡುಗಿಯ ಹೆಸರು ದೀಕ್ಷಾ. ನನ್ನ ಅಕ್ಕ ಸುಜಾತಳ ಮಗಳು. ಮಗುವಿಗೆ ನಾಲ್ಕು ವರ್ಷವಾದಾಗ ಅಕ್ಕ ತೀರಿಕೊಂಡಳು. ಭಾವ ಹರೀಶಣ್ಣ ಆಗ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದರು. ಹಡಗಿಗೆ ಮಗುವನ್ನು ಕರೆದುಕೊಂಡು ಹೋಗಲು ಆಗುತ್ತದಾ? ನಾನು ಮತ್ತು ನನ್ನ ಹೆಂಡತಿ ವಾರಿಜ ಅವಳನ್ನು ಪಡೀಲಿನ ನಮ್ಮ ಮನೆಗೆ ತಂದೆವು. ಭಾವ ಮುಂದೆ ಅಮೆರಿಕದ ಒಂದು ಹೋಟೆಲಿಗೆ ಸೇರಿ, ವರ್ಷಗಟ್ಟಲೆ ಕಾದು, ಕೊನೆಗೆ ಆ ದೇಶದ ಪ್ರಜೆಯಾದರು. ಆದ ವಾರವೇ ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ಅವಸರಕ್ಕೆ ಕಾರಣವಿತ್ತು. ಅವರ ಎರಡೂ ಕಿಡ್ನಿ ಸೋತಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವರು ಇಲ್ಲಿಗೆ ಬರುವಂತಿಲ್ಲ, ಅಲ್ಲಿ ಒಂದು ಲೋಟ ಗಂಜಿ ಕಾಯಿಸಿ ಕೊಡುವವರೂ ಇಲ್ಲ.

ಅರ್ಜಿ ಹಾಕಿ ಕೆಲವು ತಿಂಗಳಾದ ಮೇಲೆ ಅಲ್ಲಿಂದ ನೋಟೀಸು ಬಂತು. ಜನನ ಪತ್ರದಲ್ಲಿ ತಂದೆ ಹರೀಶ. ಹತ್ತನೆಯ ಕ್ಲಾಸಿನ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಮೂರರಲ್ಲೂ ತಂದೆಯ ಜಾಗದಲ್ಲಿ ನನ್ನ ಹೆಸರು. ಇದು ಹೇಗೆ ಎಂದು ಮೂರು ತಿಂಗಳೊಳಗೆ ಸಾಕ್ಷಿ ಸಮೇತ ಹೇಳಿ ಎಂದು ಬರೆದಿದ್ದರು.

ಹೇಗೆಂದರೆ, ಒಂದನೆಯ ಕ್ಲಾಸಿಗೆ ಸೇರಿಸಲು ಹೋದವನು ನಾನು. ಹೆಡ್‌ಮಾಸ್ಟರು ಘಟ್ಟದ ಮೇಲಿನವರು, ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದರು. ಅವರು ಕೇಳಿದರು, ನಾನು ಹೇಳಿದೆ, ಅವರು ಬರೆದುಕೊಂಡರು. ಎಲ್ಲಿ ಬರೆದರು ಎಂದು ನಾನು ಬಗ್ಗಿ ನೋಡಲಿಲ್ಲ, ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆಮೇಲೆ ಒಂದು ಕಾಗದ ನೋಡಿ ಇನ್ನೊಂದು ಕಾಗದ ಮಾಡಿದರು, ತಪ್ಪು ಅಮೆರಿಕದವರೆಗೆ ಹೋಯಿತು.

ನಮ್ಮ ಕೇಸು ನೋಡುವವರು ಹಂಪನಕಟ್ಟೆಯಲ್ಲಿ ಆಫೀಸಿರುವ ಲವೀನಾ ಮೇಡಂ. ಅಮೆರಿಕದ ಒಬ್ಬರು ವಕೀಲೆಯ ಜೊತೆ ಸೇರಿ ಇಂಥ ಕೇಸುಗಳನ್ನೇ ನೋಡುತ್ತಾರೆ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ. ಬೆಳೆದದ್ದು ಮುಂಬೈಯಲ್ಲಾದ್ದರಿಂದ ತುಳು ಅವರಿಗೆ ಬಾರದು.

"ಇದಕ್ಕೆ ಎಂತ ಅಷ್ಟು ತಲೆಬಿಸಿ ಮೇಡಂ, ಡಿಎನ್‌ಎ ಪರೀಕ್ಷೆ ಮಾಡಿಸಿ ಬಿಸಾಡುವ" ಎಂದೆ ನಾನು.

"ಅದನ್ನೂ ಮಾಡಿಸ್ತೇವೆ ವಾಮನಣ್ಣ. ಆದರೆ ಡಿಎನ್‌ಎ ರಕ್ತ ಯಾರದ್ದು ಅಂತ ಮಾತ್ರ ಹೇಳ್ತದೆ. ನೀವು ಅವಳನ್ನು ದತ್ತು ತೆಗೊಂಡಿದ್ದೀರಾ ಅಂತ ಅವರಿಗೆ ಸಂಶಯ ಬಂದಿದೆ. ದತ್ತು ಆಗಿದ್ರೆ ಕಾನೂನಿನಲ್ಲಿ ಹರೀಶ್ ಅವರು ಅವಳ ಅಪ್ಪನೇ ಅಲ್ಲ. ನೀವು ಬರೀ ಮಾವ ಅಂತ ತೋರಿಸುವ ಹಳೇ ಕಾಗದ ಬೇಕು, ಈಗ ಮಾಡಿದ್ದಲ್ಲ, ಆಗಿಂದು."

"ಇಲ್ಲದಿದ್ರೆ?"

"ಅರ್ಜಿ ಬೀಳ್ತದೆ. ಹಾಕಿದ ದಿನ ಅವಳಿಗೆ ಇಪ್ಪತ್ತು. ಆ ಲೆಕ್ಕದಲ್ಲಿ ಅವಳು ಮಗು, ಬೇಗ ಹೋಗ್ಬಹುದು. ಈಗ ಇಪ್ಪತ್ತೊಂದು ದಾಟಿತು. ಪುನಃ ಹಾಕಿದ್ರೆ ದೊಡ್ಡವಳ ಸಾಲಿನಲ್ಲಿ ನಿಲ್ಲಬೇಕು. ಎಷ್ಟೋ ವರ್ಷ ಹೋಗ್ತದೆ."

ಭಾವನಿಗೆ ಅಷ್ಟು ವರ್ಷ ಎಲ್ಲಿಂದ ತರುವುದು? ನಾನು ಮೆಟ್ಟಿಲಿಳಿದು ಬಂದು, ಸುಮ್ಮನೆ ನಿಂತಿದ್ದ ಒಬ್ಬ ಆಟೋದವನ ಮೇಲೆ ರೇಗಾಡಿದೆ.

ಶಾಲೆಯ ದಾಖಲಾತಿ ಪುಸ್ತಕ ಹುಡುಕಲು ಹೊರಟೆ. ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿ ಕಾಲವಾಗಿತ್ತು. ಪುಸ್ತಕಗಳು ಇನ್ನೊಂದು ಶಾಲೆಗೆ ಹೋಗಿವೆ ಎಂದರು. ಅಲ್ಲಿ ಕೇಳಿದರೆ ಶಿಕ್ಷಣ ಇಲಾಖೆಯ ಕಚೇರಿ ಎಂದರು. ಕಚೇರಿಯವರು ಪುನಃ ಶಾಲೆಗೇ ಕಳಿಸಿದರು. ಬೆಳಗ್ಗಿನ ಟ್ರಿಪ್ಪು ಮುಗಿಸಿ, ಯೂನಿಫಾರ್ಮಿನಲ್ಲೇ, ಆಟಿಯ ಮಳೆಯಲ್ಲಿ ಸುತ್ತಿದ್ದೇ ಸುತ್ತಿದ್ದು. ಹಳೆಯ ಸೀಲು ಹೊಡೆಸಿ ಬೇಕಾದ ಹಾಗೆ ಸರ್ಟಿಫಿಕೇಟು ಮಾಡಿಸಿ ಕೊಡುತ್ತೇನೆಂದು ಒಬ್ಬ ಸಿಕ್ಕಿದ. ಲವೀನಾ ಮೇಡಮ್ಮಿಗೆ ಹೇಳಿದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅಂದೇ ನೋಡಿದ್ದು. "ಆಗಿದ್ದ ತಪ್ಪನ್ನು ನಾವೇ ಮುಂದೆ ಇಟ್ಟು ಹೇಳ್ತೇವೆ. ಮುಚ್ಚಲಿಕ್ಕೆ ಹೋದ್ರೆ ಹುಡುಗಿಗೆ ಜೀವಮಾನ ಇಡೀ ಬಾಗಿಲು ಬಂದ್" ಎಂದರು. ಬಾಯಿ ಮುಚ್ಚಿಕೊಂಡು ಬಂದೆ.

ನಮ್ಮ ಓಣಿಯ ಕೊನೆಗೆ ಅಜ್ಜನ ಕಟ್ಟೆಯಿದೆ. ಕಳೆದ ವಸ್ತು ಹುಡುಕಿಕೊಡುವುದರಲ್ಲಿ ಅಜ್ಜನನ್ನು ಬಿಟ್ಟರೆ ಇಲ್ಲ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. "ಅಜ್ಜ, ಆ ಪುಸ್ತಕ ಒಂದು ಸಿಗುವ ಹಾಗೆ ಮಾಡು. ಚಕ್ಕುಲಿ, ವೀಳ್ಯ, ಶೇಂದಿ ತಪ್ಪದೆ ಇಡುತ್ತೇನೆ" ಎಂದು ಹರಕೆ ಹೇಳಿದೆ.

ಆಟಿ ಕಳೆದು ಸೋಣ ತಿಂಗಳು ಹಿಡಿದ ಮೇಲೆ ಒಂದು ಶಾಲೆಯ ಉಗ್ರಾಣದಲ್ಲಿ ಪುಸ್ತಕ ಸಿಕ್ಕಿತು. ಕೈಯಲ್ಲಿ ಹಿಡಿದರೆ ಹುಡಿಯಾಯಿತು. ದೀಕ್ಷಾ ಸೇರಿದ ವರ್ಷದ್ದೇ ಗೆದ್ದಲು ತಿಂದಿತ್ತು. ಉಳಿದ ವರ್ಷದ್ದೆಲ್ಲ ಸರಿ ಇತ್ತು ಮಾರಾಯ್ರೆ.

ಸಿಟ್ಟಿನಲ್ಲಿ ನೇರ ಕಟ್ಟೆಗೆ ಹೋಗಿ ಅಜ್ಜನಿಗೇ ಬೈದೆ. "ನಾನು ಪುಸ್ತಕ ಕೇಳಿದ್ದು, ಹುಡಿ ಕೇಳಿದ್ದಲ್ಲ" ಎಂದೆ. ಬೈದು ಮುಗಿದ ಮೇಲೆ ಅಲ್ಲೇ ಕೂತೆ. ಆಗ ನನ್ನ ಹೊಟ್ಟೆಯೊಳಗಿನ ಒಂದು ಮಾತು ಹೊರಗೆ ಬಂತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ. ಪುಸ್ತಕ ಹುಡಿಯಾದಾಗ ನನಗೆ ಒಂದು ಗಳಿಗೆ ಖುಷಿಯಾಗಿತ್ತು. ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ, ಸಂಜೆ ಬಸ್ಸು ಬಿಟ್ಟು ಬಂದಾಗ ಗೇಟಿನ ಹತ್ತಿರ ಇವಳೇ ಇರುತ್ತಾಳೆ ಎಂದು. ಹಿಂದಿನ ವಾರ ಲವೀನಾ ಮೇಡಂ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಮಾಡಿಸಿದ್ದರು. "ನಾನು ದೀಕ್ಷಾಳ ತಂದೆಯಲ್ಲ, ಆಕೆಯನ್ನು ದತ್ತು ಪಡೆದವನೂ ಅಲ್ಲ" ಎಂಬ ಸಾಲನ್ನು ಮೂರು ಸಲ ಓದಿ ಕೆಳಗೆ ಸಹಿ ಹಾಕಿದ್ದೆ. ಜ್ವರ ಬಂದಾಗ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ನಾನಲ್ಲದೆ ಇನ್ಯಾರು? ಅಫಿಡವಿಟಿಗೆ ಅದೆಲ್ಲ ಬೇಡ.

ಕಟ್ಟೆಯಲ್ಲಿ ಕೂತು ಹೇಳಿದೆ. "ಅಜ್ಜ, ನಾನು ಅರ್ಧ ಮನಸ್ಸಿನಿಂದ ಕೇಳಿದ್ದೆ, ತಪ್ಪಾಯಿತು. ಭಾವ ಅಲ್ಲಿ ಸೂಜಿ ಚುಚ್ಚಿಸಿಕೊಂಡು ಒಬ್ಬರೇ ಮಲಗಿದ್ದಾರೆ. ಅವಳನ್ನು ಅವಳ ಅಪ್ಪನ ಹತ್ತಿರ ಕಳಿಸು. ಪುಸ್ತಕವೇ ಆಗಬೇಕೆಂದಿಲ್ಲ, ನಿನಗೆ ತೋಚಿದ ದಾರಿಯಲ್ಲಿ ಕಳಿಸು." ಅತ್ತೆ. ಜನ ನೋಡಿದರು, ನೋಡಲಿ ಎಂದು ಬಿಟ್ಟೆ.

ಮೂರನೆಯ ದಿನ ಸಂಜೆ ಲವೀನಾ ಮೇಡಂ ನನ್ನನ್ನೂ ದೀಕ್ಷಾಳನ್ನೂ ಆಫೀಸಿಗೆ ಕರೆಸಿದರು. ಅಮೆರಿಕದ ವಕೀಲೆಗೆ ವಿಡಿಯೋ ಕಾಲಿನಲ್ಲಿ ನನ್ನನ್ನೇ ಏನೋ ಕೇಳಬೇಕಂತೆ. ಪರದೆಯಲ್ಲಿ ಆ ಹೆಂಗಸು ನಗು ತಡೆದುಕೊಂಡು ಏನೋ ಹೇಳಿದರು, ಲವೀನಾ ಮೇಡಮ್ಮೂ ನಕ್ಕರು.

"ಬೇಜಾರು ಮಾಡ್ಬೇಡಿ ವಾಮನಣ್ಣ. ನಿಮ್ಮ ಅಫಿಡವಿಟಿನಲ್ಲಿ ವಾಮನ ಸಾಲಿಯಾನ್ ಅಂತ ಉಂಟು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ವಾಮನ ಟಮಾಲೆ. ಇವರಿಬ್ಬರೂ ಒಬ್ಬರೇನಾ, ಬೇರೆ ಬೇರೆಯಾ ಅಂತ ಅವರು ಕೇಳ್ತಾ ಇದ್ದಾರೆ. ಅವರ ಕಡೆ ಟಮಾಲೆ ಅಂದ್ರೆ ಒಂದು ತಿಂಡಿಯಂತೆ, ಜೋಳದ ಹಿಟ್ಟಿಂದು, ಎಲೆಯಲ್ಲಿ ಸುತ್ತಿ ಬೇಯಿಸುದು. ನಿಮ್ಮ ಮನೆತನದ ಹೆಸರಾ ಅದು?"

ನನಗೆ ನಖಶಿಖಾಂತ ಉರಿಯಿತು. "ತಿಂಡಿ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಅದು ಟಮಾಲೆ ಅಲ್ಲ ಮೇಡಂ, ತಮ್ಮಲೆ, ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಹಾಗೆ ಕಾಣುದು. ಆ ಹೆಡ್‌ಮಾಸ್ಟ್ರು ಮಾಡಿದ ಎಡವಟ್ಟು. ಹೆಸರು ಎಂತ ಅಂತ ಕೇಳಿದ್ರು, ವಾಮನ ಅಂದೆ. ಮಗುವಿಗೆ ಎಂತ ಆಗ್ಬೇಕು ಅಂತ ಕೇಳಿದ್ರು, ಬಾಯಿಗೆ ತುಳುವೇ ಬಂತು, ತಮ್ಮಲೆ ಅಂದೆ. ಅವರಿಗೆ ತುಳು ಬರುದಿಲ್ಲ, ಅದನ್ನೂ ಹೆಸರಿಗೆ ಸೇರಿಸಿ ಬರೆದ್ರು. ಮನೆಯಲ್ಲಿ ನಾವು ಅದನ್ನು ಹೇಳಿ ನೆಗಾಡುದುಂಟು."

"ತಮ್ಮಲೆ ಅಂದ್ರೆ?" ಎಂದು ಕೇಳಿದರು ಲವೀನಾ ಮೇಡಂ.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ದೀಕ್ಷಾ ಕುರ್ಚಿಯಿಂದ ಎದ್ದು ನಿಂತಳು. "ಮಾಮ, ತಮ್ಮಲೆ ಅಂದ್ರೆ ತಾಯಿಯ ತಮ್ಮ, ಸೋದರಮಾವ" ಎಂದಳು. ನಾನು ಅವಳನ್ನು ನೋಡಿದೆ. ಅವಳು ಮೇಡಮ್ಮನ್ನು ನೋಡಿದಳು. ಮೇಡಂ ಪೆನ್ನು ಕೆಳಗಿಟ್ಟರು.

ಎರಡು ತಿಂಗಳು ನಾನು ಊರೆಲ್ಲ ಹುಡುಕಿದ ಸಾಕ್ಷಿ ಅವಳ ಪಾಸ್‌ಪೋರ್ಟಿನಲ್ಲೇ, ಅಂಕಪಟ್ಟಿಯಲ್ಲೇ ಇತ್ತು. ತಂದೆಯ ಕಾಲಮ್ಮಿನೊಳಗೇ ಕೂತು, ಇವನು ತಂದೆಯಲ್ಲ, ಸೋದರಮಾವ ಎಂದು ಮೂರಕ್ಷರ ಹೇಳುತ್ತಿತ್ತು. ನಮಗೆ ಅದು ಮನೆಯ ತಮಾಷೆಯಾಗಿ ಹೋಗಿ ಕಣ್ಣಿಗೇ ಬೀಳಲಿಲ್ಲ. ತುಳುವೇ ಗೊತ್ತಿಲ್ಲದ ಒಬ್ಬರು ಸಾವಿರಾರು ಮೈಲಿ ದೂರದಿಂದ ಕೇಳಿದ ಮೇಲೆ ಕಂಡಿತು. ಅವರ ಬಾಯಲ್ಲಿ ಆ ಪ್ರಶ್ನೆ ಇಟ್ಟವನು ಯಾರು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

ಮುಂದಿನದ್ದನ್ನು ವಕೀಲರಿಬ್ಬರೂ ಮಾಡಿದ ಚಂದ ನೋಡಬೇಕಿತ್ತು. ತುಳು ನಿಘಂಟಿನಲ್ಲಿ ಆ ಶಬ್ದವಿರುವ ಪುಟ, ಅದರ ಇಂಗ್ಲಿಷ್ ಅನುವಾದ. ತುಳು ಕಲಿಸುವ ಕಾಲೇಜಿನ ಮಾಸ್ಟರೊಬ್ಬರ ಹೇಳಿಕೆ. ಒಂದನೆಯ ಕ್ಲಾಸಿನ ಹಳೆಯ ಪ್ರಗತಿ ಪತ್ರ ವಾರಿಜಳ ಪೆಟ್ಟಿಗೆಯಲ್ಲಿತ್ತು, ಅದರಲ್ಲೂ ಕನ್ನಡದಲ್ಲಿ ದುಂಡಗೆ "ವಾಮನ ತಮ್ಮಲೆ". ಅಕ್ಕ ಭಾವನ ಮದುವೆಯ ಕಾಗದ, ಅಕ್ಕನ ಮರಣ ಪತ್ರ, ಭಾವ ರಜೆಯಲ್ಲಿ ಬಂದಾಗ ಮಗಳ ಜೊತೆ ತೆಗೆಸಿದ ಫೋಟೋಗಳು, ಡಿಎನ್‌ಎ ವರದಿ. ಎಲ್ಲಕ್ಕೂ ನಂಬರು ಹಾಕಿ, ಮೇಲೆ ಒಂದು ಪತ್ರ ಬರೆದು, ತಪ್ಪು ಹೇಗಾಯಿತೆಂದು ಬಿಚ್ಚಿ ಹೇಳಿ, ಗಡುವಿಗೆ ಒಂಬತ್ತು ದಿನ ಇರುವಾಗ ಕಳಿಸಿದರು.

ದೀಪಾವಳಿಯ ಹಿಂದಿನ ವಾರ ಬಸ್ಸು ಹಂಪನಕಟ್ಟೆಯಲ್ಲಿ ನಿಂತಿದ್ದಾಗ ಫೋನು ಬಂತು. "ವಾಮನಣ್ಣ, ಪಾಸಾಯ್ತು" ಎಂದರು ಲವೀನಾ ಮೇಡಂ. ನಾನು ಆ ಟ್ರಿಪ್ಪಿನಲ್ಲಿ ಯಾರಿಗೆ ಟಿಕೇಟು ಕೊಟ್ಟೆ, ಯಾರನ್ನು ಬಿಟ್ಟೆ, ಗೊತ್ತಿಲ್ಲ. ಪಡೀಲಿನಲ್ಲಿ ಇಳಿದು ಮನೆಗೂ ಹೋಗದೆ ಕಟ್ಟೆಗೆ ಓಡಿದೆ. ಮರುದಿನ ವಾರಿಜ ಚಕ್ಕುಲಿ ಕರಿದಳು. ಹರಕೆ ಹೇಳಿದ್ದರ ದುಪ್ಪಟ್ಟು ಇಟ್ಟೆ, ಬೈದದ್ದಕ್ಕೆ ಬೇರೆಯಾಗಿ ಕೈಮುಗಿದೆ.

ಬಿಸು ಹಬ್ಬ ಕಳೆದ ಮೇಲೆ ಮುಂಬೈಯಲ್ಲಿ ವೀಸಾದ ಸಂದರ್ಶನ. ಅದಕ್ಕೆ ಮುಂಚೆ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರನ್ನು ಮೇಡಂ ತಿದ್ದಿಸಿದ್ದರು. ಬಸ್ಸಿನಲ್ಲಿ ಹೋಗಿ, ಆಸ್ಪತ್ರೆಯ ತಪಾಸಣೆ ಮುಗಿಸಿ, ಎರಡು ದಿನದ ಮೇಲೆ ಅವಳು ಒಳಗೆ ಹೋದಳು. ನಾನು ಹೊರಗೆ ರಸ್ತೆ ಬದಿ ನಿಂತೆ. ಬಂದವಳ ಮುಖ ನೋಡಿಯೇ ಗೊತ್ತಾಯಿತು. "ಒಳಗೆ ಆಫೀಸರು ಬೇರೆ ಎಂತದೂ ಜಾಸ್ತಿ ಕೇಳಲಿಲ್ಲ ಮಾಮ. ತಮ್ಮಲೆ ಹೇಗಿದ್ದಾರೆ ಅಂತ ಕೇಳಿದ್ರು" ಎಂದಳು.

ಈಗ ಅವಳು ಅಪ್ಪನ ಜೊತೆ ಇದ್ದಾಳೆ. ಭಾವ ವಿಡಿಯೋದಲ್ಲಿ ಗಂಜಿಯ ಬಟ್ಟಲು ತೋರಿಸಿ ನಗುತ್ತಾರೆ. ಗೇಟಿನ ಹತ್ತಿರ ಸಂಜೆ ಯಾರೂ ಇಲ್ಲ, ಸುಳ್ಳು ಹೇಳುವುದಿಲ್ಲ, ಬೇಜಾರಾಗುತ್ತದೆ. ಆದರೂ ಕಟ್ಟೆಯ ಮುಂದೆ ಹಾದು ಬರುವಾಗ ಎದೆಯುಬ್ಬಿಸಿ ನಡೆಯುತ್ತೇನೆ. ಅಜ್ಜನ ಹತ್ತಿರ ಕೇಳುವುದಿದ್ದರೆ ಪೂರ್ತಿ ಮನಸ್ಸಿನಿಂದ ಕೇಳಿ, ದಾರಿ ಯಾವುದೆಂದು ನೀವು ಹೇಳಿಕೊಡಲು ಹೋಗಬೇಡಿ. ನಾನು ಕಲಿತದ್ದು ಅಷ್ಟೇ.

ಮೊನ್ನೆ ಅವಳು ಒಂದು ಫಾರಂನ ಫೋಟೋ ಕಳಿಸಿದಳು. ಅಲ್ಲಿ ಅವಳು ಆಸ್ಪತ್ರೆಯ ಕೆಲಸ ಕಲಿಯಲು ಸೇರುತ್ತಿದ್ದಾಳೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಅಪ್ಪನ ಹೆಸರು, ಅದರ ಕೆಳಗೆ ನನ್ನದು. ವಾಮನ ಸಾಲಿಯಾನ್. ಸಂಬಂಧ ಎಂಬಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತಮ್ಮಲೆ.

"ಅಂಕಲ್ ಅಂತ ಬರೀಬಹುದಿತ್ತಲ್ಲ ಮಾರಾಯ್ತಿ" ಎಂದೆ ಫೋನಿನಲ್ಲಿ.

"ಇರ್ಲಿ ಮಾಮ. ಈ ಸಲ ಸರಿಯಾದ ಕಾಲಮ್ಮಿನಲ್ಲೇ ಬರೆದಿದ್ದೇನೆ" ಎಂದಳು.